ಹೊಳೆಸಂಗಾಪುರ ಇದ್ದ ಹಾಳೆ

ಜೂನ್ ತಿಂಗಳ ಅಡ್ಮಿಶನ್ ದಿನ. ಡೊಂಬಿವಲಿಯ ನಮ್ಮ ಜೂನಿಯರ್ ಕಾಲೇಜಿನ ಕೆಳಗಿನ ಹಾಲ್‌ನಲ್ಲಿ ಮೂರು ಮೇಜು ಹಾಕಿದ್ದರು. ಒಂದನೆಯದರಲ್ಲಿ ಸುಪರ್‌ವೈಸರ್ ಪ್ರಧಾನ್ ಮ್ಯಾಡಮ್. ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳ ಕಾರುಬಾರೆಲ್ಲ ಅವರದು. ಎರಡನೆಯದರಲ್ಲಿ ಸೈಕಾಲಜಿ ಕಲಿಸಲು ಹೊಸದಾಗಿ ಬಂದಿದ್ದ ನಿಖಿಲ್ ಸರ್. ಬಾಗಿಲ ಹತ್ತಿರ, ಬಂದವರು ಕೊಡೆ ಮಡಚಿ ನೀರು ಕೊಡವುವ ಜಾಗದಲ್ಲಿ, ಮೂರನೆಯ ಮೇಜು. ಅದು ಭೂಗೋಳದ್ದು, ಅಂದರೆ ನನ್ನದು. ಪಕ್ಕದ ಸ್ಟೂಲಿನಲ್ಲಿ ಶಿಪಾಯಿ ಗಾವಡೆ ಮಾಮಾ ಕುಳಿತಿದ್ದ. ನಿಖಿಲ್ ಸರ್ ಮುಂದಿನ ಸಾಲು ಮೆಟ್ಟಿಲವರೆಗೆ ಹೋಗಿತ್ತು. ನನ್ನ ಮುಂದೆ ನೆಲ ಒದ್ದೆಯಾಗಿತ್ತು, ಅಷ್ಟೇ.

"ಮ್ಯಾಡಮ್, ಅಜೂನ್ ಬೋಹನೀ ಝಾಲೀ ನಾಹೀ," ಎಂದ ಗಾವಡೆ ಮಾಮಾ, ಬೋಣಿಯಾಗದ ತರಕಾರಿ ಗಾಡಿಯವನ ಹಾಗೆ.

ನಾವು ಅಲ್ಲಿ ಮಾತಾಡುತ್ತಿದ್ದುದು ಮರಾಠಿಯಲ್ಲೇ. ಇಲ್ಲಿ ಹೆಚ್ಚಿನದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಕೂಗಿ ಕರೆ ಹಾಗಾದ್ರೆ," ಎಂದೆ.

"ಏನಂತ ಕರೀಲಿ? ತಾಜಾ ತಾಜಾ ನಕ್ಷೆ ಅಂತಲಾ?"

ನಗುವಂಥ ದಿನ ಅದಲ್ಲ. ಆರ್ಟ್ಸ್ ವಿಭಾಗದಲ್ಲಿ ಮಕ್ಕಳು ಸೈಕಾಲಜಿ ಅಥವಾ ಭೂಗೋಳ ಆರಿಸಿಕೊಳ್ಳಬೇಕು. ಮೂವತ್ತು ಹೆಸರಾದರೂ ಬರದಿದ್ದರೆ ಆ ವರ್ಷ ಭೂಗೋಳ ನಡೆಯುವುದಿಲ್ಲ ಎಂದು ಆಡಳಿತ ಮಂಡಳಿಯವರು ಹೇಳಿಯಾಗಿತ್ತು. ಒಮ್ಮೆ ನಿಂತ ವಿಷಯ ಮತ್ತೆ ಶುರುವಾದದ್ದನ್ನು ನಾನಂತೂ ಕಂಡಿಲ್ಲ. ಕಲಿಸುವವಳನ್ನು 'ಸರ್‌ಪ್ಲಸ್' ಎಂದು ಗುರುತು ಹಾಕಿ ಇನ್ನೆಲ್ಲಿಗೋ ಕಳಿಸುತ್ತಾರೆ. ಕೋಣೆ ಬೇರೆಯವರದಾಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಪಾಠ ಹೇಗೆ ಮಾಡಬೇಕು ಎಂದು ನನ್ನನ್ನು ಕೇಳುತ್ತಾರೆ. ಪಾಠ ಆಮೇಲಿನ ಮಾತು. ಭೂಗೋಳದವರ ವರ್ಷ ಶುರುವಾಗುವುದೇ ಆ ಬಾಗಿಲ ಬಳಿಯ ಮೇಜಿನಿಂದ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಗೌಂಡಿ ಮಗಳನ್ನು ಕರೆದುಕೊಂಡು ಬಂದ. ಪ್ಯಾಂಟಿನ ಅಂಚಿಗೆ ಸಿಮೆಂಟು ಮೆತ್ತಿ ಗಟ್ಟಿಯಾಗಿತ್ತು. ಸೈಕಾಲಜಿಯ ಸಾಲನ್ನು ನೋಡಿ, ನನ್ನ ಖಾಲಿ ಮೇಜನ್ನು ನೋಡಿ, ಮಗಳಿಗೆ ಮೆಲ್ಲಗೆ ಹೇಳಿದ: "ಇಲ್ಲಿ ಯಾರೂ ಇಲ್ಲ ನೋಡವಾ. ಬಿರ್ರನ ಮುಗೀತೈತಿ."

"ಪಪ್ಪಾ, ತುಮ್ಹೀ ಗಪ್ಪ ಬಸಾ ನಾ," ಎಂದು ಹುಡುಗಿ ಅಪ್ಪನ ಬಾಯಿ ಮುಚ್ಚಿಸಿದಳು.

"ಬಿರ್ರನೆ ಮುಗಿಯುವುದು ಹೌದು, ಆದರೆ ಒಳಗೆ ಬಂದ ಮೇಲೆ ಕೆಲಸ ಜಾಸ್ತಿ," ಎಂದೆ ನಾನು ಕನ್ನಡದಲ್ಲಿ.

ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತು ನನ್ನನ್ನೇ ನೋಡಿದ. "ಅಕ್ಕೋರ, ನೀವು ನಮ್ಮ ಕಡೀಯವ್ರಾ?"

"ನಿಮ್ಮ ಕಡೆಯವಳಲ್ಲ, ಕಾಪು ಕಡೆ. ಆದರೆ ಮಾತು ಒಂದೇ."

"ಒಂದ ಹೆಂಗ ಆಗ್ತೈತ್ರಿ," ಎಂದು ನಕ್ಕ. "ನೀವು ಪುಸ್ತಕದಾಗಿಂದು ಓದಿದಂಗ ಮಾತಾಡ್ತೀರಿ."

ಅವನು ಹೇಳಿದ್ದು ತಪ್ಪಲ್ಲ. ಮನೆಯಲ್ಲಿ ನಮ್ಮದು ತುಳು. ಕನ್ನಡ ನನಗೆ ಬಂದದ್ದು ಅಜ್ಜನ ಬಾಯಿಂದ. ಠಾಣೆಯ ವರ್ತಕ ನಗರದ ಎರಡು ಕೋಣೆಯ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಗಟ್ಟಿಯಾಗಿ ಪುರಾಣ ಓದುತ್ತಿದ್ದರು; ಅಜ್ಜಿ ಅಕ್ಕಿ ಆರಿಸುತ್ತ ನಡುನಡುವೆ ಅವರನ್ನು ತಿದ್ದುತ್ತಿದ್ದಳು. ಅವರಿಬ್ಬರೂ ಹೋದ ಮೇಲೆ ಅಮ್ಮನೊಡನೆ ತುಳುವೇ ಆಯಿತು. ಅಮ್ಮನೂ ಹೋದ ಮೇಲೆ ಆ ಮನೆಯಲ್ಲಿ ಯಾವ ಭಾಷೆಯೂ ಉಳಿಯಲಿಲ್ಲ. ನಾನು ಒಬ್ಬಳೇ ಇದ್ದೆ.

ಗೌಂಡಿಯ ಹೆಸರು ಯಲ್ಲಪ್ಪ, ವಿಜಾಪುರ ಜಿಲ್ಲೆಯವನು. ಮಗಳು ರೇಣುಕಾ. ಕನ್ನಡ ಪೂರ್ತಿ ತಿಳಿಯುತ್ತಿತ್ತು. ಉತ್ತರ ಮಾತ್ರ ಮರಾಠಿಯಲ್ಲಿ. ಅವಳ ಹೆಸರೇ ಆ ದಿನದ ಬೋಣಿ. ಸಂಜೆಯೊಳಗೆ ಅವರ ಬಸ್ತಿಯ, ಅಂದರೆ ಜೋಪಡಿ ಕೇರಿಯ, ಇನ್ನೂ ನಾಲ್ಕು ಹುಡುಗಿಯರನ್ನು ಅವಳೇ ಕರೆತಂದಳು. ಭೂಗೋಳದ ಮ್ಯಾಡಮ್ ನಮ್ಮವರು ಎಂದು ಯಲ್ಲಪ್ಪ ಮನೆಮನೆಗೆ ಹೇಳಿದ್ದನಂತೆ. ಆ ವರ್ಷ ಹೇಗೋ ಮೂವತ್ತು ದಾಟಿತು.

ಭೂಗೋಳದ ಕೋಣೆ ಇದ್ದದ್ದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಟೆರೇಸಿನ ಬಾಗಿಲ ಪಕ್ಕ. ತಲೆಯ ಮೇಲೇ ನೀರಿನ ಟಾಂಕಿ. ಮೋಟರ್ ಹಾಕಿದಾಗ ಪಾಠ ನಿಲ್ಲಿಸಬೇಕಾಗುತ್ತಿತ್ತು. ಕೆಳಗೆ ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನವರು ಮೂವರು, ಮರಾಠಿಯವರು ಇಬ್ಬರು, ಕಾಮರ್ಸಿನವರಂತೂ ಒಂದು ದಂಡು. ಪೇಪರ್ ಕಷ್ಟ ಇತ್ತು, ಸುಲಭ ಇತ್ತು ಎಂದು ಅವರವರಲ್ಲಿ ಜಗಳವಾದರೂ ಆಗುತ್ತಿತ್ತು. ಭೂಗೋಳಕ್ಕೆ ನಾನೊಬ್ಬಳೇ. ನನ್ನ ಪ್ರಶ್ನೆಪತ್ರಿಕೆಯ ಬಗ್ಗೆ ಜಗಳಾಡಲೂ ಯಾರಿರಲಿಲ್ಲ. ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಜನವೆಲ್ಲ ಮುಂಬಯಿಯ ಕಡೆಯ ಗಾಡಿಗೆ ಜೋತು ಬೀಳುತ್ತಿದ್ದರೆ, ನಾನು ಎದುರಿನ ಪ್ಲಾಟ್‌ಫಾರ್ಮಿನಿಂದ ಡೊಂಬಿವಲಿಗೆ ಹೋಗುವ ಅರೆಖಾಲಿ ಗಾಡಿ ಹತ್ತುತ್ತಿದ್ದೆ. ಕಿಟಕಿಯ ಸೀಟು ಯಾವತ್ತೂ ಸಿಗುತ್ತಿತ್ತು. ಜೊತೆಗಾರರು ಸಿಗುತ್ತಿರಲಿಲ್ಲ.

ಮಕ್ಕಳು ಭೂಗೋಳಕ್ಕೆ ಬರುತ್ತಿದ್ದುದು ಪ್ರ್ಯಾಕ್ಟಿಕಲ್‌ನ ಇಪ್ಪತ್ತು ಅಂಕದ ಆಸೆಗೆ. ಆ ಇಪ್ಪತ್ತು ಜೇಬಿನಲ್ಲೇ ಇದೆ ಎಂದು ಅವರ ನಂಬಿಕೆ. ಅದಕ್ಕೆ ಜರ್ನಲ್ ಬರೆಯಬೇಕು. ನಕ್ಷೆ, ಗ್ರಾಫು, ಕ್ಷೇತ್ರ ಭೇಟಿಯ ವರದಿ. ಹಿಂದಿನ ವರ್ಷದವರ ಜರ್ನಲ್ ಇಸಕೊಂಡು ಕಿಟಕಿಯ ಗಾಜಿಗೆ ಒತ್ತಿ ಟ್ರೇಸ್ ಮಾಡುವುದು ಅವರ ಪರಂಪರೆ. ಒಂದು ವರ್ಷ ನಕ್ಷೆಯೊಂದರಲ್ಲಿ ಎಲ್ಲರೂ ಗುಡ್ಡದ ನೆತ್ತಿಯ ಮೇಲೆ ಬಾವಿ ತೋಡಿದ್ದರು. ಎಲ್ಲಿಂದ ಬಂತಪ್ಪ ಈ ಬಾವಿ ಎಂದು ಮೂಲ ಹುಡುಕುತ್ತ ಹೋದರೆ, ಹಿಂದಿನ ವರ್ಷದ ಹುಡುಗನೊಬ್ಬನ ಜರ್ನಲಿನಲ್ಲಿ ಸತ್ತು ಅಂಟಿದ ಸೊಳ್ಳೆ. ಹೊಸದಾಗಿ ಕಲಿಸಲು ಬರುವವರಿಗೆ ಇದೊಂದು ಮಾತು: ಮಕ್ಕಳು ಹಾಳೆಯ ಮೇಲೆ ಏನಿದೆಯೋ ಎಲ್ಲವನ್ನೂ ನಂಬುತ್ತಾರೆ. ಹಾಳೆ ಚೊಕ್ಕಟವಾಗಿರಲಿ.

ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಹಲಗೆಯ ಮೇಲೆ ಬರೆದರೆ ಒಬ್ಬರಿಗೂ ತಲೆಗೆ ಹೋಗುತ್ತಿರಲಿಲ್ಲ. ನಾನು ಕ್ಯಾಂಟೀನಿನಿಂದ ದೊಡ್ಡ ಬಟಾಟೆ ತಂದು ಅರ್ಧ ಮಾಡಿ ಗುಡ್ಡದ ಹಾಗೆ ಮಗುಚಿ ಇಟ್ಟು, ಒಂದೊಂದೇ ಬಿಲ್ಲೆ ಕತ್ತರಿಸಿ, ಪ್ರತಿ ಬಿಲ್ಲೆಯ ಸುತ್ತ ಪೆನ್ಸಿಲ್ ಎಳೆಸುತ್ತಿದ್ದೆ. ಗೆರೆಯೊಳಗೆ ಗೆರೆ, ಗುಡ್ಡ ತಾನಾಗಿ ಕಾಗದಕ್ಕೆ ಇಳಿಯುತ್ತಿತ್ತು. ಕ್ಯಾಂಟೀನಿನವನಿಗೆ ಸಂಕಟ. "ಮ್ಯಾಡಮ್, ನಿಮ್ಮ ಡೋಂಗರಕ್ಕೆ ಎಷ್ಟು ವಡಾ ಹೋಯ್ತು ಗೊತ್ತಾ?" ಎನ್ನುತ್ತಿದ್ದ. ಪ್ರಧಾನ್ ಮ್ಯಾಡಮ್ ಒಂದು ಸಲ ರೌಂಡಿಗೆ ಬಂದು ಬಾಗಿಲಲ್ಲಿ ನಿಂತು, "ಇದು ಭೂಗೋಳವೋ ಗೃಹವಿಜ್ಞಾನವೋ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಇಳಿದು ಹೋದರು. ಕೆಟ್ಟವರಲ್ಲ. ಹೊತ್ತಿಲ್ಲದವರು.

ಈಗ ಆ ಹಾಳೆಗಳ ವಿಷಯ.

ಹನ್ನೆರಡನೆಯವರು ಓದಬೇಕಾದ ದೊಡ್ಡ ನಕ್ಷೆಗಳಿಗೆ ಟೋಪೋಶೀಟ್ ಎನ್ನುತ್ತೇವೆ. ಊರು ಕೆಂಪು, ಹೊಲ ಹಳದಿ, ನೀರು ನೀಲಿ, ಏರುತಗ್ಗು ಕಂದು. ಒಂದೊಂದು ಬಾವಿ, ಒಂದೊಂದು ಗುಡಿ ಅದರಲ್ಲಿ ಕಾಣುತ್ತದೆ. ನಮ್ಮ ಕಷ್ಟವೇನೆಂದರೆ ನಮ್ಮದೇ ಊರಿನ ಹಾಳೆ ನಮಗೆ ಸಿಗುತ್ತಿರಲಿಲ್ಲ. ಸಮುದ್ರದಂಡೆಯ ಸೀಮೆಯ ಹಾಳೆಗಳನ್ನು ದೇಶದ ರಕ್ಷಣೆಯ ಕಾರಣಕ್ಕೆ ಎಲ್ಲರಿಗೂ ಕೊಡುತ್ತಿರಲಿಲ್ಲ. ಸಮುದ್ರದ ನೀರು ಒಳನಾಡಿಗೆ ನುಗ್ಗಿ ಬರುವ ಕಲ್ಯಾಣದ ಖಾಡಿಯ ದಡದಲ್ಲಿ ಹುಟ್ಟಿದ ಮಕ್ಕಳು ಆ ಖಾಡಿಯನ್ನು ನಕ್ಷೆಯಲ್ಲಿ ನೋಡದೆಯೇ ಪಾಸಾಗುತ್ತಿದ್ದರು. ನನಗಿಂತ ಮೊದಲಿದ್ದ ಮೇಷ್ಟ್ರು ಯಾವ ಕಾಲದಲ್ಲೋ ಒಳನಾಡಿನ ಕೆಲವು ಹಾಳೆ ತರಿಸಿದ್ದರು. ಅದರಲ್ಲೊಂದು ನಲವತ್ತೇಳು ಪಿ ಸರಣಿಯದು, ಕೃಷ್ಣಾ ನದಿಯ ದಂಡೆಯದು. ವರ್ಷ ವರ್ಷವೂ ಡೊಂಬಿವಲಿಯ ಮಕ್ಕಳು ತಾವೆಂದೂ ಕಾಣದ ಆ ದಂಡೆಯ ಬಾವಿ ಎಣಿಸಿ, ಗಾಡಿದಾರಿ ಅಳೆದು ಅಂಕ ತೆಗೆದುಕೊಳ್ಳುತ್ತಿದ್ದರು.

ರೇಣುಕಾ ಹನ್ನೆರಡಕ್ಕೆ ಬಂದಾಗ ಮಳೆಗಾಲದಲ್ಲಿ ಆ ಹಾಳೆಯನ್ನು ಆ ವರ್ಷ ಮೊದಲ ಸಲ ಬಿಚ್ಚಿದೆ. ನಾಲ್ಕು ಮೂಲೆಗೆ ನಾಲ್ಕು ಡಸ್ಟರ್ ಇಟ್ಟು ಮಕ್ಕಳನ್ನು ಸುತ್ತ ನಿಲ್ಲಿಸಿ, ನದಿಯ ದಂಡೆಯ ಊರುಗಳ ಹೆಸರು ಓದಿರಿ ಎಂದೆ. ಅವರು ಬಾಯಿಗೆ ಬಂದಂತೆ ಓದುತ್ತಿದ್ದರು. ಆ ಹೆಸರುಗಳು ಮರಾಠಿ ನಾಲಿಗೆಗೆ ಒಗ್ಗದೆ ಎಲ್ಲರಿಗೂ ನಗು. "ಹೋಲೆ... ಹೋಲೇಸಂಗಾಪುರ್," ಎಂದನೊಬ್ಬ.

"ಹೊಳೆಸಂಗಾಪುರ," ಎಂದಳು ರೇಣುಕಾ.

ನಗು ನಿಂತಿತು. ಅವಳ ಬಾಯಿಂದ ಅಷ್ಟು ಚಂದದ ಕನ್ನಡ ನಾನೂ ಕೇಳಿರಲಿಲ್ಲ.

"ನಿನ್ನ ಊರಾ?"

"ಪಪ್ಪಾಂಚ ಗಾಂವ್," ಎಂದಳು. ಅಪ್ಪನ ಊರು. ಮತ್ತೆ, "ಆತಾ ನಾಹೀಯೇ," ಎಂದಳು. ಈಗ ಇಲ್ಲ.

ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿತ್ತು. ಆಗ ಅವಳು ಸಣ್ಣವಳು. ಮೇಲಿನ ದಿಬ್ಬದಲ್ಲಿ ಸರಕಾರ ಹೊಸ ಊರು ಕಟ್ಟಿಕೊಟ್ಟರೂ ಯಲ್ಲಪ್ಪ ಅಲ್ಲಿ ನಿಲ್ಲದೆ ಸಂಸಾರ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದ. ನಮ್ಮ ಹಾಳೆ ಮಾತ್ರ ನೀರು ಬರುವುದಕ್ಕಿಂತ ಬಹಳ ಹಿಂದಿನದು. ಅದರಲ್ಲಿ ನದಿ ತೆಳ್ಳಗೆ ಬಳುಕಿಕೊಂಡು ಹೋಗುತ್ತಿತ್ತು. ಪಕ್ಕದಲ್ಲಿ ಕೆಂಪಾಗಿ ಊರು, ಒಂದು ಗುಡಿ, ದಾಟಲು ದೋಣಿಯ ಕಡವು.

ಒಂದು ವಾರ ಬಿಟ್ಟು, ಮಳೆಗೆ ಸೈಟಿನ ಕೆಲಸ ನಿಂತ ದಿನ ಯಲ್ಲಪ್ಪ ಬಂದ. ಅಷ್ಟು ಮಹಡಿ ಹತ್ತಿ ಬಂದು ಚಪ್ಪಲಿ ಹೊರಗೆ ಬಿಟ್ಟ. ಮೈಯೆಲ್ಲ ತೊಯ್ದಿತ್ತು. ಕೋಣೆಯ ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ಒದ್ದೆ ಅಂಗಿಗೇ ಒರೆಸಿಕೊಂಡ.

"ಅಕ್ಕೋರ, ಇಕಿ ಏನೋ ಹೇಳ್ತಾಳ. ಊರು ನಿಮ್ಮ ಕಪಾಟಿನ್ಯಾಗ ಐತಂತ."

ಹಾಳೆ ಬಿಚ್ಚಿದೆವು. ರೇಣುಕಾ ತೋರಿಸಿದಳು. ಅವನಿಗೆ ಏನೂ ಗೊತ್ತಾಗಲಿಲ್ಲ. ಹೆಸರು ಓದಲು ಬಾರದು. ಮೇಲಿನಿಂದ ನೋಡಿದರೆ ಯಾವ ಊರಾದರೂ ಒಂದು ಕೆಂಪು ಕಲೆ. "ಇದು ಊರೇನು? ಇಷ್ಟಾ?" ಎಂದ. ಅವನ ಮುಖದ ನಿರಾಸೆ ಕಂಡು ನಾನು ಹಾಳೆಯನ್ನು ಮೆಲ್ಲಗೆ ತಿರುಗಿಸುತ್ತ ಬಂದೆ. ದಿಕ್ಕಿಗೆ ನಕ್ಷೆ ಹೊಂದಿಸುವುದು ಎಂದು ನಾವು ಮೊದಲನೇ ಪಾಠದಲ್ಲೇ ಕಲಿಸುತ್ತೇವೆ.

"ನಿಮ್ಮ ಮನೆ ಬಾಗಿಲು ಯಾವ ಕಡೆ ಇತ್ತು?"

"ಹೊಳೀ ಕಡೆ."

"ಹಾಗಾದರೆ ಬಾಗಿಲಲ್ಲಿ ನಿಂತಿದ್ದೀರಿ ಅಂತ ತಿಳಿಯಿರಿ. ಇದು ಮುಂದೆ ಹೊಳೆ. ಇದು ಗುಡಿ."

"ಗುಡಿ ಎಡಕ್ಕ," ಎಂದ ತಟ್ಟನೆ. ಹಾಳೆಯಲ್ಲೂ ಅದು ಎಡಕ್ಕಿತ್ತು. ಆಮೇಲೆ ಅವನು ಬೆರಳನ್ನು ಆ ಕೆಂಪಿನ ಮೇಲೆ ಇಟ್ಟ. ಹೊರಗೆ ಟೆರೇಸಿನ ಮೇಲೆ ಮಳೆ, ತಲೆಯ ಮೇಲೆ ಟಾಂಕಿ ತುಂಬುವ ಸದ್ದು. ಬಹಳ ಹೊತ್ತಿನ ಮೇಲೆ ಬೆರಳು ತೆಗೆದಾಗ ಅಲ್ಲಿ ಕಾಗದ ಉಬ್ಬಿತ್ತು, ದುಂಡಗೆ.

"ಪಪ್ಪಾ, ಕಾಯ ಕೇಲಂತ," ಏನು ಮಾಡಿಬಿಟ್ಟಿರಿ ಎಂದು ರೇಣುಕಾ ದುಪಟ್ಟಾದ ತುದಿಯಿಂದ ಒತ್ತತೊಡಗಿದಳು.

"ಬಿಡು, ಒಣಗುತ್ತೆ," ಎಂದೆ. ಒಣಗಿತು. ಒಂದು ಮಸುಕು ಉಂಗುರ ಉಳಿಯಿತು.

ಹೊರಡುವಾಗ ಯಲ್ಲಪ್ಪ ಕೇಳಿದ: "ಇದನ್ನ ತಗದು ಒಗ್ಯಾಂಗಿಲ್ಲ ಹೌದಿಲ್ರಿ?"

"ಭೂಗೋಳ ಇರುವ ತನಕ ಇರುತ್ತದೆ," ಎಂದೆ. ಹಾಗೆ ಹೇಳಿದ ಮೇಲೆ ಆ ಜೂನ್ ತಿಂಗಳ ಮೇಜು ನನಗೆ ಇನ್ನಷ್ಟು ಭಾರವಾಯಿತು.

ಫೆಬ್ರವರಿಯಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ. ಹೊರಗಿನ ಪರೀಕ್ಷಕರಾಗಿ ಕಲ್ಯಾಣದ ಕಾಲೇಜೊಂದರಿಂದ ಸಾಠೆ ಸರ್ ಬಂದರು. ಗಂಭೀರ ಮನುಷ್ಯ, ಕಾಲು ಅಂಕ ಕೊಡಲೂ ಕನ್ನಡಕ ತೆಗೆದು ಯೋಚಿಸುವವರು. ಮಕ್ಕಳು ಹಾಳೆಯ ಮುಂದೆ ಒಬ್ಬೊಬ್ಬರಾಗಿ ನಿಂತು ಮೌಖಿಕ ಉತ್ತರ ಹೇಳಬೇಕು. ನಾನು ಒಳಗಿನ ಪರೀಕ್ಷಕಿ, ಬಾಯಿ ಬಿಡುವಂತಿಲ್ಲ.

ಸಾಠೆ ಸರ್ ಅಂದು ಇಟ್ಟುಕೊಂಡದ್ದು ನಲವತ್ತೇಳು ಪಿ ಹಾಳೆಯನ್ನೇ. ರೇಣುಕಾಳ ಸರದಿ ಬಂದಾಗ ಅವರ ಪೆನ್ಸಿಲಿನ ತುದಿ ಹೋಗಿ ನಿಂತದ್ದು ಆ ಊರಿನ ಮೇಲೇ. ಊರು ನದಿಗೆ ಅಷ್ಟು ಹತ್ತಿರ ಇದ್ದುದರಿಂದ ಪ್ರಶ್ನೆಗೆ ಒಳ್ಳೆಯ ಜಾಗ, ಅಷ್ಟೇ.

"ಈ ವಸತಿ ನದಿಯ ಯಾವ ದಂಡೆಯಲ್ಲಿದೆ? ಜನ ನೀರಿಗೆ ಎಲ್ಲಿಗೆ ಹೋಗುತ್ತಾರೆ?"

"ಅಲ್ಲಿ ವಸತಿ ಇಲ್ಲ ಸರ್," ಎಂದಳು.

ಸರ್ ಕನ್ನಡಕ ತೆಗೆದರು. "ಸರಿಯಾಗಿ ನೋಡು. ಕೆಂಪು ಬಣ್ಣ ಏನು ಹೇಳುತ್ತದೆ?"

"ವಸತಿ."

"ಮತ್ತೆ?"

"ಅಲ್ಲಿ ಊರಿಲ್ಲ ಸರ್. ನೀರು ಇದೆ."

"ನೀರಿಗೆ ಯಾವ ಬಣ್ಣ?"

"ನೀಲಿ."

"ಇಲ್ಲಿ ನೀಲಿ ಕಾಣುತ್ತಿದೆಯಾ?"

"ಇಲ್ಲ ಸರ್."

"ಮತ್ತೆ ನೀರು ಅಂತ ಹೇಗೆ ಹೇಳುತ್ತೀ?"

ಅವಳು ನನ್ನ ಕಡೆ ನೋಡಿದಳು. ನಾನು ಕೈ ಕಟ್ಟಿಕೊಂಡು ಕಿಟಕಿಯಾಚೆ ನೋಡಿದೆ. ಹಾಗೆ ನಿಲ್ಲುವುದೇ ನನ್ನ ಕೆಲಸವಾಗಿತ್ತು. ಅವಳು ಉತ್ತರ ಬದಲಿಸಲಿಲ್ಲ. ಸರ್ ಆ ಪ್ರಶ್ನೆಯ ಅಂಕ ಪೂರ್ತಿ ಕಡಿದರು. ಇಪ್ಪತ್ತೂ ಜೇಬಿನಲ್ಲಿದೆ ಎಂದು ಬಂದ ಹುಡುಗಿಗೆ ಹದಿನೈದು.

ಚಹಾದ ಹೊತ್ತಿನಲ್ಲಿ ನಾನು ವಿಷಯ ಹೇಳಿದೆ. ಸಾಠೆ ಸರ್ ಬಿಸ್ಕೆಟನ್ನು ಚಹಾದಲ್ಲಿ ಅದ್ದಿ ಹಿಡಿದವರು ಹಾಗೇ ಕುಳಿತರು. ಅದು ಮುರಿದು ಕಪ್ಪಿಗೆ ಬಿತ್ತು.

"ಮ್ಯಾಡಮ್, ಅಂಕ ಬದಲಿಸಲಾರೆ," ಎಂದರು. "ಪ್ರಶ್ನೆ ನಕ್ಷೆಯ ಮೇಲಿನದು."

"ಬದಲಿಸಿ ಅಂತ ನಾನು ಕೇಳಲಿಲ್ಲ ಸರ್. ನೀವು ಮಾಡಿದ್ದು ಸರಿಯೇ."

"ಸರಿ ಅನ್ನೋದು ಹೌದು." ಚಮಚದಿಂದ ಬಿಸ್ಕೆಟಿನ ಚೂರು ತೆಗೆದರು. "ಆದರೆ ಹಾಳೆಯ ಅಂಚಿನಲ್ಲಿ ಸರ್ವೇ ಮಾಡಿದ ವರ್ಷ ಅಚ್ಚಾಗಿರುತ್ತದಲ್ಲ. ಅದನ್ನು ಓದಿ, 'ಆ ವರ್ಷ ಇಲ್ಲಿ ಊರಿತ್ತು' ಅಂದಿದ್ದರೆ ಅವಳ ಮಾತೂ ಉಳಿಯುತ್ತಿತ್ತು, ನಾನು ಅಂಕವನ್ನೂ ಕೊಡುತ್ತಿದ್ದೆ."

ಅಲ್ಲಿಂದ ಮುಂದೆ ನನ್ನ ಪಾಠದ ಕ್ರಮ ಬದಲಾಯಿತು. ಹಾಳೆ ಬಿಚ್ಚಿದ ಕೂಡಲೇ ಎಲ್ಲರೂ ಬಣ್ಣಕ್ಕೆ ಬೀಳುತ್ತಾರೆ. ನಾನು ಬಣ್ಣಗಳನ್ನು ಕಾಗದದಿಂದ ಮುಚ್ಚಿ ಮೊದಲು ಅಂಚಿನ ವರ್ಷ ಓದಿಸತೊಡಗಿದೆ. ಉತ್ತರ ಹೇಳುವಾಗ ಇದೆ ಎನ್ನಬಾರದು, ಇತ್ತು ಎನ್ನಬೇಕು. ಮಕ್ಕಳಿಗೆ ಇದು ಮ್ಯಾಡಮ್‌ನ ಹುಚ್ಚು. ಕಾರಿಡಾರಿನಲ್ಲಿ ನನ್ನನ್ನು ಕಂಡರೆ, "ಇಲ್ಲಿ ಒಬ್ಬ ಮ್ಯಾಡಮ್ ಇದ್ದರು," ಎಂದು ತಮಾಷೆ ಮಾಡುತ್ತಿದ್ದರು. ನನಗೂ ನಗು ಬರುತ್ತಿತ್ತು.

ರೇಣುಕಾ ಪಾಸಾದಳು, ಮುಂದೆ ಬಿ.ಎ. ಓದಿದಳು, ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಆದರೂ ಕೆಲವು ವರ್ಷ ಜೂನ್ ಬಂದರೆ ಬಸ್ತಿಯಿಂದ ಒಬ್ಬಿಬ್ಬರು ಹುಡುಗಿಯರನ್ನು ಅಪ್ಪನೋ ಮಗಳೋ ಕಳಿಸುತ್ತಲೇ ಇದ್ದರು. "ಯಲ್ಲಪ್ಪ ಕಾಕಾ ಹೇಳಿದ್ರು," ಎಂದು ಅವರು ಬಾಗಿಲ ಬಳಿಯ ಮೇಜಿಗೆ ನೇರ ಬರುತ್ತಿದ್ದರು. ಗಾವಡೆ ಮಾಮಾ ಆ ಗೌಂಡಿಗೆ 'ಭೂಗೋಳದ ಏಜೆಂಟ್' ಎಂದು ಹೆಸರಿಟ್ಟ.

ಆಮೇಲೆ ಫೋನುಗಳು ಬಂದವು. ಮೊದಲು ಒಬ್ಬಿಬ್ಬರ ಕೈಯಲ್ಲಿ, ಬಳಿಕ ಎಲ್ಲರ ಕೈಯಲ್ಲಿ. ನಾನು ನವೀ ಮುಂಬಯಿಗೆ ಕ್ಷೇತ್ರ ಭೇಟಿಗೆ ಕರೆದೊಯ್ದರೆ, ಖಾಡಿ ಎತ್ತ ಇದೆ ಎಂದು ಕೇಳಿದಾಗ ಮಕ್ಕಳು ತಲೆ ಎತ್ತದೆ ಫೋನ್ ನೋಡಿ ಹೇಳುತ್ತಿದ್ದರು. ಖಾಡಿಯ ಗಾಳಿ ಅವರ ಕೂದಲನ್ನೇ ಹಾರಿಸುತ್ತಿದ್ದರೂ. ಅವರನ್ನು ಬೈಯುವುದು ನನ್ನಿಂದಾಗಲಿಲ್ಲ. ಒಬ್ಬ ಹುಡುಗ ನನಗೂ ಕಲಿಸಿಕೊಟ್ಟ. ಹೊಳೆಸಂಗಾಪುರದ ಜಾಗವನ್ನು ಹುಡುಕಿ ನೋಡಿದೆ. ಬೆರಳು ಎಷ್ಟು ಅಗಲಿಸಿದರೂ ನೀಲಿಯೇ. ಊರಿನ ಹೆಸರೂ ಇಲ್ಲ. ಹಾಗಾಗಿ ಆ ಹೆಸರು ಅಚ್ಚಾಗಿ ಉಳಿದದ್ದು ನನಗೆ ತಿಳಿದ ಮಟ್ಟಿಗೆ ಎಲ್ಲಿ ಎಂದರೆ, ನೀರಿನ ಟಾಂಕಿಯ ಕೆಳಗೆ ನನ್ನ ಕಪಾಟಿನಲ್ಲಿ.

ಪ್ರಧಾನ್ ಮ್ಯಾಡಮ್ ಒಂದು ದಿನ ಕರೆದು ಕೂರಿಸಿದರು. "ಶೆಟ್ಟಿ ಮ್ಯಾಡಮ್, ಎಲ್ಲರ ಜೇಬಿನಲ್ಲೂ ನಕ್ಷೆ ಇದೆ. ಪಾಲಕರು ಕೇಳುತ್ತಾರೆ, ಭೂಗೋಳ ಯಾಕೆ ಅಂತ. ನಾನು ಏನು ಹೇಳಲಿ?"

"ಜೇಬಿನಲ್ಲಿ ಇರುವುದು ಇವತ್ತಿನದು ಅಂತ ಹೇಳಿ."

"ಅವರಿಗೆ ಬೇಕಾದದ್ದೂ ಇವತ್ತಿನದೇ ಅಲ್ಲವಾ," ಎಂದರು, ವ್ಯಂಗ್ಯವಿಲ್ಲದೆ.

ನಾನು ನಿವೃತ್ತಳಾಗಲು ಎರಡು ವರ್ಷ ಇದ್ದಾಗ, ಜೂನ್ ತಿಂಗಳಲ್ಲಿ ಮೇಜಿಗೆ ಬಂದವರು ಒಂಬತ್ತು ಮಂದಿ. ಯಲ್ಲಪ್ಪನ ಬಸ್ತಿಯನ್ನು ಹಿಂದಿನ ವರ್ಷವೇ ಎಬ್ಬಿಸಿದ್ದರು. ಜನ ಕಾಮೋಠೆ, ಪನವೇಲ್ ಕಡೆ ಚದುರಿದ್ದರು. ಏಜೆಂಟನಿಗೇ ಊರಿಲ್ಲವಾಗಿತ್ತು. ಮೂರು ಗಂಟೆಗೆ ಪ್ರಧಾನ್ ಮ್ಯಾಡಮ್ ಎದ್ದು ಬಂದು, ನನ್ನ ಮೇಜಿನ ಎದುರು ನಿಂತು, ಆ ಒಂಬತ್ತು ಮಕ್ಕಳನ್ನು ಸೈಕಾಲಜಿಗೆ ಕಳಿಸಲು ಹೇಳಿದರು. ಗಾವಡೆ ಮಾಮಾ ಅಂದು ತಮಾಷೆ ಮಾಡಲಿಲ್ಲ. ಮೇಜನ್ನು ಒಬ್ಬನೇ ಎತ್ತಿಕೊಂಡು ಹೋಗಿ ಒಳಗಿಟ್ಟ.

ನಡೆಯುತ್ತಿದ್ದ ಹನ್ನೆರಡನೇ ತರಗತಿ ಆ ವರ್ಷ ಮುಗಿಯಿತು. ನನ್ನನ್ನು ಬೇರೆಡೆಗೆ ಕಳಿಸುವ ಮಾತು ಬಂದು, ಇನ್ನೊಂದೇ ವರ್ಷ ಇದೆಯೆಂದು ಹಾಗೇ ಬಿಟ್ಟರು. ಆ ಕೊನೆಯ ವರ್ಷ ನಾನು ಕೆಳಗೆ ಪರಿಸರದ ಪಾಠ ಮಾಡಿ, ಬಿಡುವಾದಾಗ ಮೇಲೆ ಹತ್ತಿ ಖಾಲಿ ಕೋಣೆಯ ಕಿಟಕಿ ತೆರೆಯುತ್ತಿದ್ದೆ. ಭೂಗೋಳದಲ್ಲಿ ಹಿಂದೆ ಉಳಿದಿದ್ದ ಒಬ್ಬನೇ ಹುಡುಗ, ರಿಪೀಟರ್, ಪ್ರ್ಯಾಕ್ಟಿಕಲ್‌ಗೆ ಬಂದ. ಅವನೊಬ್ಬನಿಗಾಗಿ ಸಾಠೆ ಸರ್ ಕಲ್ಯಾಣದಿಂದ ಬಂದರು, ಗಾವಡೆ ಮಾಮಾ ಗಂಟೆ ಬಾರಿಸಿದ, ನಾನು ನಲವತ್ತೇಳು ಪಿ ಬಿಚ್ಚಿದೆ. ಹುಡುಗ ಕೈಯಿಂದ ಬಣ್ಣ ಮುಚ್ಚಿ ಮೊದಲು ಅಂಚಿನ ವರ್ಷ ಓದಿದ. "ಆಗ ಇಲ್ಲಿ ಊರಿತ್ತು ಸರ್," ಎಂದ. ಸಾಠೆ ಸರ್ ಕನ್ನಡಕ ತೆಗೆಯದೆ ಪೂರ್ತಿ ಅಂಕ ಕೊಟ್ಟರು.

ಹುಡುಗ ಹೋದ ಮೇಲೆ ಅವರು ಕೇಳಿದರು: "ಇವನ್ನೆಲ್ಲ ಏನು ಮಾಡುತ್ತೀರಿ?"

"ರದ್ದಿಗೆ ಹಾಕುತ್ತಾರಂತೆ. ಕೋಣೆಗೆ ಸೈಕಾಲಜಿಯ ಲ್ಯಾಬ್ ಬರುತ್ತದೆ."

"ಕಾಮೋಠೆಯಲ್ಲಿ ಒಂದು ಹೊಸ ಕಾಲೇಜು ಭೂಗೋಳ ಶುರು ಮಾಡಿದೆ. ಕಲಿಸುವ ಹುಡುಗಿ ಹೊಸಬಳು, ಒಬ್ಬಳೇ. ಅವಳ ಹತ್ತಿರ ಒಂದು ಹಾಳೆಯೂ ಇಲ್ಲ."

ಪ್ರಧಾನ್ ಮ್ಯಾಡಮ್ ಒಪ್ಪಿಗೆಯ ಸಹಿ ಹಾಕಿದರು. ಹಾಳೆಗಳನ್ನು ಉದ್ದಕ್ಕೆ ಸುರುಳಿ ಸುತ್ತಿ ಹಳೆಯ ಸೀರೆಯಲ್ಲಿ ಕಟ್ಟಿ ಕೊಟ್ಟೆ. ಸಾಠೆ ಸರ್ ಅದನ್ನು ಹೆಗಲಿಗೆ ಒರಗಿಸಿಕೊಂಡು ಮೆಟ್ಟಿಲು ಇಳಿದರು. ಆ ಸಂಜೆ ಡೊಂಬಿವಲಿಯಿಂದ ಠಾಣೆಗೆ ಹೋಗುವ ಗಾಡಿಯಲ್ಲಿ ಮಾಮೂಲಿನಂತೆ ಕಿಟಕಿಯ ಸೀಟು ಸಿಕ್ಕಿತು.

ನಿವೃತ್ತಿಯ ಮುಂದಿನ ವರ್ಷ, ಜನವರಿಯಲ್ಲಿ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕಾಮೋಠೆಯ ಆ ಹೊಸ ಟೀಚರ್, ಪ್ರಿಯಾಂಕಾ. ಜರ್ನಲ್ ತಿದ್ದುತ್ತ ಕುಳಿತಿದ್ದಳು.

"ಮ್ಯಾಡಮ್, ಸಾಠೆ ಸರ್ ನಿಮ್ಮ ನಂಬರ್ ಕೊಟ್ಟರು. ನಲವತ್ತೇಳು ಪಿ ಹಾಳೆಯಲ್ಲಿ ನದಿಯ ಪಕ್ಕ ಒಂದು ಊರಿನ ಮೇಲೆ ಮಸುಕಾಗಿ ದುಂಡಗೆ ಗೆರೆ ಇದೆ. ಒಬ್ಬ ಹುಡುಗ ಅದನ್ನೂ ಟ್ರೇಸ್ ಮಾಡಿ, ಕೆರೆ ಅಂತ ನೀಲಿ ತುಂಬಿದ್ದಾನೆ. ಅದು ಯಾವ ಚಿಹ್ನೆ? ನಾನು ಪುಸ್ತಕವೆಲ್ಲ ಹುಡುಕಿದೆ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. "ಚಿಹ್ನೆ ಅಲ್ಲಮ್ಮ. ಒಬ್ಬರು ಒದ್ದೆ ಬೆರಳಿಟ್ಟದ್ದು."

"ಹಾಗಾದರೆ ಅಂಕ ಕಡಿಯಲಾ?"

"ಕಡಿ. ಹಾಳೆಯಲ್ಲಿ ಅಲ್ಲಿ ಕೆರೆ ಇಲ್ಲ. ಕಡಿದ ಮೇಲೆ ಅವನನ್ನು ಕೂರಿಸಿಕೊಂಡು ಅಂಚಿನ ವರ್ಷ ಓದಿಸು. ಆಮೇಲೆ ಅಲ್ಲಿ ಈಗ ಏನಿದೆ ಅಂತ ಹೇಳು."

"ಈಗ ಏನಿದೆ ಮ್ಯಾಡಮ್?"

ಹೇಳಿದೆ. ಯಲ್ಲಪ್ಪ ಬಂದ ದಿನದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ನನ್ನ ಪಾಠದ ಬಗ್ಗೆ ಇನ್ನೊಬ್ಬ ಭೂಗೋಳದವರ ಹತ್ತಿರ ಅಷ್ಟು ಹೊತ್ತು ನಾನು ಮಾತಾಡಿದ್ದು ಅದೇ ಮೊದಲು. ಅವಳ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೊನೆಗೆ ಕೇಳಿದೆ. ಈ ವರ್ಷ ಮೂವತ್ತೆರಡು, ಮುಂದಿನ ವರ್ಷದ್ದು ಗೊತ್ತಿಲ್ಲ ಎಂದಳು.

ನಾಲ್ಕು ದಿನದ ಮೇಲೆ ಅವಳು ಆ ಜರ್ನಲಿನ ಪುಟದ ಫೋಟೋ ಕಳಿಸಿದಳು. ಹುಡುಗ ಕೆರೆಯನ್ನು ರಬ್ಬರಿನಿಂದ ಉಜ್ಜಿ ತೆಗೆದು, ಅಲ್ಲಿ ಕೆಂಪು ಬಣ್ಣ ಹಚ್ಚಿ, ಪಕ್ಕದಲ್ಲಿ ಊರಿನ ಹೆಸರು ಬರೆದಿದ್ದ. ನೀಲಿ ಪೂರ್ತಿ ಹೋಗಿರಲಿಲ್ಲ. ಫೋಟೋವನ್ನು ರೇಣುಕಾಳಿಗೆ ಕಳಿಸಿ, ಅಪ್ಪನಿಗೆ ತೋರಿಸು ಎಂದೆ.